ಹಲಗೆ ತೆಗೆದುಕೊಂಡವರು

ಒಳಗೆ ಕಾಲಿಟ್ಟ ಮೇಲೆಯೇ, ಇವತ್ತು ಇಲ್ಲಿಗೆ ಬರಬಾರದಿತ್ತು ಎಂದು ಆಲ್ಟನ್ ಡೆಬ್ನಮ್‌ಗೆ ಅನ್ನಿಸಿದ್ದು. ಶನಿವಾರ ಬೆಳಗ್ಗೆ ಹಾರ್ಕರ್ಸ್ ಫೆರಿ ಊರಿನ ಗಂಡಸರಲ್ಲಿ ಅರ್ಧ ಜನ ಈ ಹೋಟೆಲಿನಲ್ಲೇ ಇರುತ್ತಾರೆ. ಕಿಟಕಿ ಪಕ್ಕದ ಉದ್ದ ಮೇಜಿಗೆ ಬಿಳಿಯರು, ಅಡುಗೆಮನೆ ಬಾಗಿಲ ಕಡೆಯ ಮೇಜಿಗೆ ಕಪ್ಪು ಜನ. ಹಾಗೇ ಕೂರಬೇಕೆಂದು ಈಗ ಯಾರೂ ಹೇಳುವುದಿಲ್ಲ. ಹೇಳುತ್ತಿದ್ದ ಕಾನೂನು ಇವನು ಹುಟ್ಟುವ ಮೊದಲೇ ಸತ್ತಿದೆ. ಆದರೂ ಕಾಲುಗಳು ತಮ್ಮ ದಾರಿ ಮರೆತಿಲ್ಲ. ತಾನು ಕಪ್ಪು ಮನುಷ್ಯನೇ ಆದರೂ ಆಲ್ಟನ್ ಎರಡೂ ಮೇಜುಗಳಿಗೆ ಒಂದೇ ಅಳತೆಯಲ್ಲಿ ತಲೆಯಾಡಿಸಿ ಕೌಂಟರಿನ ಮುಂದೆ ನಿಂತ. ಒಂದು ಕಡೆಗೆ ತುಸು ಜಾಸ್ತಿ ನಕ್ಕೆನೇನೋ ಎಂಬ ಅನುಮಾನ ಬಂದು, ಇನ್ನೊಂದು ಕಡೆಗೆ ಮತ್ತೊಮ್ಮೆ ತಿರುಗಿ ನಕ್ಕ.

"ಏನ್ ಮೇಷ್ಟ್ರೇ, ಇವತ್ತು ನಮ್ಮ ಜಡ್ಜನ್ನ ಸ್ವರ್ಗಕ್ಕೆ ಕಳಿಸ್ತೀರೋ ನರಕಕ್ಕೋ?" ಎಂದ ಕಿಟಕಿ ಮೇಜಿನಿಂದ ಟ್ರ್ಯಾಕ್ಟರ್ ಅಂಗಡಿಯ ಮಾಲೀಕ.

ಉತ್ತರ ಬಂದದ್ದು ಆಚೆ ಮೇಜಿನ ಕ್ಷೌರಿಕನಿಂದ. "ಅವನನ್ನ ಕೇಳಿ ಏನ್ ಬಂತು? ನರಕಕ್ಕೇ ಅಂತಾನೆ. ಆಮೇಲೆ ‘ಆದರೆ’ ಅಂತಾನೆ. ಅಲ್ಲೇ ಗಾಳಿ ಬರೋ ಕಡೆ ಒಂದು ಕುರ್ಚಿ ಹಾಕಿಸಿಕೊಡ್ತಾನೆ."

ಎರಡೂ ಮೇಜು ಒಟ್ಟಿಗೆ ನಕ್ಕವು. ಈ ಎರಡು ವರ್ಷದಲ್ಲಿ ಅವು ಒಟ್ಟಿಗೆ ನಕ್ಕದ್ದೇನಾದರೂ ಇದ್ದರೆ ಅದು ತನ್ನನ್ನು ಕುರಿತೇ ಇರಬೇಕು ಎಂದುಕೊಂಡು ಆಲ್ಟನ್ ತಾನೂ ನಕ್ಕ. ಶಾಲೆಯ ಮಕ್ಕಳು ಅವನಿಗಿಟ್ಟ ಹೆಸರು ‘ಆದರೆ ಮೇಷ್ಟ್ರು’. ಅದು ಮಕ್ಕಳ ಜೊತೆ ಮನೆಗಳಿಗೆ ಹೋಗಿ, ಅಲ್ಲಿಂದ ಕ್ಷೌರದಂಗಡಿಗೂ ಚರ್ಚಿನ ಅಂಗಳಕ್ಕೂ ಹೋಗಿ, ಈಗ ಅವನ ಮುಖದೆದುರೇ ಓಡಾಡುತ್ತಿತ್ತು. ಸಾಸೇಜು ಇಟ್ಟ ಬನ್ನನ್ನು ಕಾಗದದ ಚೀಲಕ್ಕೆ ಹಾಕಿಸಿಕೊಂಡ. "ಕೂತು ತಿನ್ನಬಹುದಿತ್ತಲ್ಲ," ಅಂದಳು ಕೌಂಟರಿನವಳು. ಕೂರಬಹುದಿತ್ತು. ಎಲ್ಲಿ? ಕಾರಿನೊಳಗೆ ಕೂತು, ಗಾಜೇರಿಸಿ, ತಿಂದ. ಎಣ್ಣೆ ಬೆರಳು ತಾಗೀತೆಂದು ಪಕ್ಕದ ಸೀಟಿನ ಮೇಲಿದ್ದ ಕಾಗದವನ್ನು ಆಚೆ ಸರಿಸಿದ. ಅದನ್ನು ನೋಡುವ ಅಗತ್ಯವೇ ಇರಲಿಲ್ಲ, ಬಾಯಿಪಾಠವಾಗಿತ್ತು. ಮಧ್ಯಾಹ್ನ ಕೋರ್ಟಿನ ಮುಂದಿನ ಹುಲ್ಲಿನ ಮೇಲೆ, ನ್ಯಾಯಾಧೀಶ ಏಸಾ ಪೆನ್ನಿಮನ್ನರ ಪ್ರತಿಮೆಯ ಕಾಲಬುಡದಲ್ಲಿ, ಹೊಸ ಕಂಚಿನ ಫಲಕದ ಬಟ್ಟೆ ಸರಿಸುತ್ತಾರೆ. ಅದರ ಮೇಲಿರುವುದು ಅವನು ಬರೆದ ಮಾತು. ಊರೆದುರಿಗೆ ಅದನ್ನು ಓದಬೇಕಾದವನೂ ಅವನೇ.

ಪ್ರತಿಮೆ ಬೀಳಿಸಿ ಎಂದು ಕಪ್ಪು ಜನರ ಚರ್ಚಿನ ಪಾದ್ರಿ ಸ್ಪೈಟ್‌ನ ಕಡೆಯವರು, ಮುಟ್ಟಿದರೆ ನೋಡಿ ಎಂದು ಬಿಳಿಯರ ಮುಂದಾಳು ಮಿಸ್ ಆರ್ಲೀನ್ ಹಾಬ್‌ಗುಡ್‌ರ ಕಡೆಯವರು, ಎರಡು ಬೇಸಿಗೆ ಕಿತ್ತಾಡಿದ್ದರು. ಕೊನೆಗೆ ಕೌಂಟಿ ಆಡಳಿತದವರು ಒಂದು ಸಮಿತಿ ಮಾಡಿ, ಪ್ರತಿಮೆ ಇರಲಿ, ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳುವ ಒಂದು ಫಲಕ ಹಾಕಿಸೋಣ ಅಂದರು. ಬರೆಯುವವರು ಯಾರು ಎಂದಾಗ ಎರಡೂ ಕಡೆಯ ಬೆರಳು ಇವನತ್ತಲೇ ತಿರುಗಿದವು. "ಆಲ್ಟನ್‌ಗೆ ಇದರಲ್ಲಿ ಸ್ವಂತದ್ದು ಅಂತ ಏನೂ ಇಲ್ಲ ನೋಡಿ," ಎಂದಿದ್ದರು ಸಮಿತಿಯ ಅಧ್ಯಕ್ಷೆ ಮಿಸ್ ಆರ್ಲೀನ್, "ಅದಕ್ಕೇ ಅವನ ಮಾತನ್ನ ಎಲ್ಲರೂ ಕೇಳ್ತಾರೆ." ಅವನು ಆಗ ಬಾಯಿ ತೆರೆದಿದ್ದ. ತೆರೆದ ಬಾಯಿಗೆ ಕಾಫಿಯ ಲೋಟ ತಂದುಕೊಂಡು ಒಂದು ಗುಟುಕು ಕುಡಿದಿದ್ದ. ಕುಡಿದ ಮೇಲೆ, ಹೇಳಬೇಕಾದದ್ದನ್ನು ಹೇಳುವ ಹೊತ್ತು ದಾಟಿ, ಬೇರೆ ಯಾರೋ ಬೇರೆ ಏನೋ ಮಾತಾಡುತ್ತಿದ್ದರು.

ತರಗತಿಯಲ್ಲಿ ಅವನು ಬೋರ್ಡಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆಯುತ್ತಿದ್ದ. ಎಡಕ್ಕೆ ಮಾಡಿದ ಕೇಡು, ಬಲಕ್ಕೆ ಮಾಡಿದ ಒಳಿತು. ಪ್ರೆಸಿಡೆಂಟ್ ಇರಲಿ, ದಂಗೆಯ ನಾಯಕನಿರಲಿ, ಯುದ್ಧ ಗೆದ್ದವನಿರಲಿ ಸೋತವನಿರಲಿ, ಎಲ್ಲರಿಗೂ ಅದೇ ಗೆರೆ. "ಸತ್ತವರು ಎದ್ದು ಬಂದು ಉತ್ತರ ಹೇಳೋಕಾಗಲ್ಲ ಮಕ್ಕಳೇ, ಅವರ ಕಡೆಯ ಮಾತನ್ನೂ ನಾವೇ ಆಡಬೇಕು," ಎನ್ನುತ್ತಿದ್ದ. ಅದನ್ನು ಅವನು ನಂಬಿದ್ದ, ಈಗಲೂ ನಂಬುತ್ತಾನೆ. ಇದ್ದವರ ಮೇಲೆ ಸಿಟ್ಟು ತೀರಿಸಿಕೊಳ್ಳಲಾರದವರು ಸತ್ತವರ ಮೇಲೆ ತೀರಿಸಿಕೊಳ್ಳುತ್ತಾರೆ. ತಮ್ಮ ಅಜ್ಜಂದಿರು ದೇವರಾಗಿದ್ದರು ಎಂದು ಸಾಧಿಸಿ ಇನ್ನು ಕೆಲವರು ತಾವು ಪೂಜೆ ಮಾಡಿಸಿಕೊಳ್ಳುತ್ತಾರೆ. ಎರಡರಲ್ಲೂ ಸತ್ತವನು ಕಾಣುವುದಿಲ್ಲ. ಜಡ್ಜ್ ಪೆನ್ನಿಮನ್, ಗುಲಾಮಗಿರಿಯನ್ನು ಕೊನೆಗಾಣಿಸಿದ ಅಂತರ್ಯುದ್ಧಕ್ಕೆ ಮುಂಚೆ, ಗುಲಾಮರನ್ನು ಇಟ್ಟುಕೊಂಡಿದ್ದವರು. ಯುದ್ಧವಾದ ಮೇಲೆ, ಬಿಡುಗಡೆಯಾದ ಅದೇ ಜನರನ್ನು ಹಂದಿ ಕದ್ದ, ಜೋಳ ಕದ್ದ ಎಂಬ ನೆಪಕ್ಕೆಲ್ಲ ರೈಲುದಾರಿ ಕಡಿಯುವ ಕೈದಿ ಶಿಬಿರಕ್ಕೆ ಕಳಿಸಿದವರು. ಅದೇ ಜಡ್ಜ್ ಕಪ್ಪು ಮಕ್ಕಳ ಶಾಲೆಗೆಂದು ತಮ್ಮ ಹೊಲ ಬಿಟ್ಟುಕೊಟ್ಟರು. ಆ ಸಿಟ್ಟಿಗೆ ಬಿಳಿಯರು ಯಾರೂ ಚರ್ಚಿನ ಬೆಂಚಿನಲ್ಲಿ ಅವರ ಪಕ್ಕ ಕೂರದಾದರು. ಆ ಖಾಲಿ ಬೆಂಚಿನ ವಿಷಯ ಓದಿದ ದಿನ ಆಲ್ಟನ್‌ಗೆ ಜಡ್ಜ್ ಮೇಲೆ ಎಂಥದೋ ಸಲಿಗೆ ಹುಟ್ಟಿಬಿಟ್ಟಿತ್ತು. ಅದಕ್ಕೆ ಅವನು ನಾಚಿಕೊಂಡಿದ್ದ. ಆದರೂ ಭಾನುವಾರ ಚರ್ಚಿನಲ್ಲಿ ತನ್ನ ಬೆಂಚಿನಲ್ಲಿ ತಾನೊಬ್ಬನೇ ಕೂತಾಗ ಆ ಮುದುಕನ ನೆನಪು ಬರುತ್ತಿತ್ತು.

ಅವನ ಬೆಂಚಿನಲ್ಲಿ ಮೊದಲು ಮೂವರು ಕೂರುತ್ತಿದ್ದರು. ಹೆಂಡತಿ ಕೊರಿನ್ ಹೋದದ್ದು ದೊಡ್ಡ ಜಗಳ ಮಾಡಿಕೊಂಡೇನೂ ಅಲ್ಲ. ಅವನ ತಾಯಿಗೂ ಅವಳಿಗೂ ಪ್ರತಿದಿನ ಏನಾದರೊಂದು ಇರುತ್ತಿತ್ತು, ಉಪ್ಪಿನದೋ ಮಗುವಿನ ಜಡೆಯದೋ. ಸಂಜೆ ಇಬ್ಬರ ಮಾತನ್ನೂ ಕೇಳಿ ಅವನು, ಅಮ್ಮ ಹೇಳಿದ್ದರಲ್ಲೂ ಸ್ವಲ್ಪ ನಿಜ ಇದೆ, ನೀನು ಹೇಳಿದ್ದರಲ್ಲೂ ಸ್ವಲ್ಪ ಇದೆ ಅನ್ನುತ್ತಿದ್ದ. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಆಗಬಾರದು ಎಂಬುದಷ್ಟೇ ಅವನ ಆಸೆ. "ನಿನ್ನದು ಯಾವಾಗಲೂ ಅಡ್ಡಗೋಡೆ ಮೇಲಿನ ದೀಪ, ಆಲ್ಟನ್," ಎಂದಿದ್ದಳು ಪೆಟ್ಟಿಗೆ ಕಟ್ಟುತ್ತ, "ಆ ಕಡೇನೂ ಮಬ್ಬು, ಈ ಕಡೇನೂ ಮಬ್ಬು. ಒಂದೇ ಒಂದು ಸಲ, ತಪ್ಪೇ ಆಗಿದ್ರೂ ಸರಿ, ನನ್ನ ಕಡೆ ಬಂದು ನಿಂತಿದ್ರೆ!" ಅವಳ ಮಾತಿನಲ್ಲೂ ಸ್ವಲ್ಪ ಇದೆ ಎಂದು ಅವನು ಆಗಲೂ ಯೋಚಿಸಿದ್ದ. ಈಗ ಕಾರಿನಲ್ಲಿ ಫೋನು ಗುಂಯ್‌ಗುಟ್ಟಿತು. ಡರ್ಹಮ್‌ನಲ್ಲಿ ತಾಯಿಯ ಜೊತೆ ಇದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ ಮಗಳು ಜೋಯೆಲ್.

"ಡ್ಯಾಡಿ, ಇವತ್ತೇ ಅಲ್ವಾ?"

"ಇವತ್ತೇ."

"ನಾನು ಬರ್ತೀನಾ ಅಂತ ನೀವು ಕೇಳ್ಲೇ ಇಲ್ಲ."

"ನಿನಗೆ ಓದೋದಿರುತ್ತೆ ಅಂತ. ದೂರ ಬೇರೆ. ಮತ್ತೆ ಪ್ರತಿಮೆ ವಿಷಯದಲ್ಲಿ ನಿನ್ನ ಅಭಿಪ್ರಾಯ ಬೇರೆ ಅಂತ ನಂಗೆ ಗೊತ್ತು. ಒತ್ತಾಯ ಮಾಡೋದು ಸರಿಯಲ್ಲ ಅಂತ..."

"ಓದೋದೂ ಇದೆ, ದೂರಾನೂ ಹೌದು, ಅಭಿಪ್ರಾಯಾನೂ ಬೇರೆ." ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ಆದ್ರೂ ಕೇಳಬಹುದಿತ್ತು."

ಅವನು ಏನೋ ಹೇಳುವಷ್ಟರಲ್ಲಿ ಅವಳು ಹುಷಾರು, ಟೈ ಕಟ್ಕೊಳ್ಳಿ, ಎಂದು ಇಟ್ಟುಬಿಟ್ಟಳು. ಕಾರು ಚಾಲೂ ಮಾಡಿದ. ಹೊಗೆಸೊಪ್ಪು ಕಿತ್ತು ಬೋಳಾದ ಹೊಲಗಳು ಎರಡೂ ಕಡೆ ಚಪ್ಪಟೆಯಾಗಿ ಹಬ್ಬಿಕೊಂಡಿದ್ದವು. ಇಷ್ಟು ಸಮತಟ್ಟಾದ ನೆಲದಲ್ಲಿ ಹುಟ್ಟಿದ್ದಕ್ಕೇ ತಾನು ಹೀಗಾದೆನೇನೋ ಎಂಬ ಹುಚ್ಚು ಯೋಚನೆ ಬಂತು. ವೆಸ್ಟಾ ಅತ್ತೆಯ ಮನೆ ನದಿಯ ತಿರುವಿನಲ್ಲಿ. ಅತ್ತೆಯನ್ನು ಕರೆದುಕೊಂಡು ಅಲ್ಲಿಂದ ನೇರ ಕೋರ್ಟಿಗೆ ಹೋಗುವುದು. ಅಪ್ಪನ ಅಕ್ಕ ಅವರು. ಊರಿನ ಚಿಕ್ಕ ಮಕ್ಕಳ ಶಾಲೆಗೆ ಎಷ್ಟೋ ವರ್ಷ ಹೆಡ್‌ಮಿಸ್ ಆಗಿದ್ದವರು. ಟ್ರ್ಯಾಕ್ಟರ್ ಅಂಗಡಿಯವನೂ ಕ್ಷೌರಿಕನೂ ಪಾದ್ರಿ ಸ್ಪೈಟನೂ ಅವರ ಪುಟ್ಟ ಕುರ್ಚಿಗಳಲ್ಲಿ ಕೂತು ಬೈಸಿಕೊಂಡವರೇ. ಅವರಿಗೆ ಅವನು ಫಲಕದ ಮಾತನ್ನು ಇನ್ನೂ ತೋರಿಸಿರಲಿಲ್ಲ. ಯಾಕೆ ತೋರಿಸಿಲ್ಲ ಎಂದು ಕೇಳಿಕೊಂಡರೆ, ಸಮಿತಿಯ ಗುಟ್ಟು ಎಂಬ ಉತ್ತರ ಸಿದ್ಧವಾಗಿತ್ತು. ಸಿದ್ಧವಾಗಿದ್ದ ಉತ್ತರಗಳ ಮೇಲೆ ಅವನಿಗೆ ಈಚೆಗೆ ನಂಬಿಕೆ ಕಡಿಮೆಯಾಗುತ್ತಿತ್ತು.

"ಬಂದ್ಯಾ? ಒಳಗೆ ಬಾ. ಕಾಲೊರೆಸು. ಏನು, ಮುಖ ಹೀಗಿದೆ, ಹೆಣ ಹೊರೋಕೆ ಬಂದವನ ಥರ?"

ಕೋಳಿ ಸಾರಿನಲ್ಲಿ ಬೇಯಿಸಿದ ಹಿಟ್ಟಿನ ಪಟ್ಟಿಗಳು, ಕೊಲಾರ್ಡ್ ಸೊಪ್ಪು, ಐಸು ಹಾಕಿದ ಸಿಹಿ ಟೀ. ಅತ್ತೆ ಆಗಲೇ ನೀಲಿ ಉಡುಪು ಹಾಕಿಕೊಂಡು ಅದರ ಮೇಲೊಂದು ಏಪ್ರನ್ ಕಟ್ಟಿದ್ದರು. ಅವನು ಎರಡು ತುತ್ತು ತಿನ್ನುವಷ್ಟರಲ್ಲಿ ಕೈಚಾಚಿ, "ಎಲ್ಲಿ, ಕೊಡು," ಅಂದರು. ಏನು ಎಂದು ಅವನು ಕೇಳಲಿಲ್ಲ. ಜೇಬಿನಿಂದ ಕಾಗದ ತೆಗೆದುಕೊಟ್ಟ. ಅತ್ತೆ ಕಿಟಕಿಯ ಬೆಳಕಿಗೆ ನಿಂತು, ತರಗತಿಯಲ್ಲಿ ಪಾಠ ಓದುತ್ತಿದ್ದಂತೆ, ಎದೆಯುಬ್ಬಿಸಿ ಜೋರಾಗಿ ಓದತೊಡಗಿದರು.

"ನ್ಯಾಯಾಧೀಶ ಏಸಾ ಪೆನ್ನಿಮನ್ ಅವರು ಈ ನ್ಯಾಯಾಲಯದ ಪೀಠದಲ್ಲಿ ಬಹುಕಾಲ ಕುಳಿತಿದ್ದರು. ಯುದ್ಧಕ್ಕೆ ಮೊದಲು ಅವರು ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಯುದ್ಧದ ಬಳಿಕ ಅವರು ವಿಧಿಸಿದ ಶಿಕ್ಷೆಗಳಿಂದ ಅನೇಕ ಕಪ್ಪು ಜನರು ರೈಲುದಾರಿಯ ಕೈದಿ ಶಿಬಿರಗಳನ್ನು ಸೇರಿದರು. ಶಾಲೆಯನ್ನು ಕಟ್ಟಿದ ಬಡಗಿ..."

ಅಲ್ಲಿ ದನಿ ನಿಂತಿತು. ಅತ್ತೆಯ ತುಟಿಗಳು ಮಾತ್ರ ಮುಂದಿನ ಸಾಲಿನ ಮೇಲೆ ಓಡಾಡಿದವು. ಉಳಿದದ್ದನ್ನು ಒಳಗೊಳಗೇ ಓದಿ ಮುಗಿಸಿ, ಕಾಗದವನ್ನು ಮೇಜಿನ ಮೇಲಿಟ್ಟು, ಒಲೆಯ ಹತ್ತಿರ ಹೋಗಿ, ಆಗಲೇ ಆರಿಸಿದ್ದ ಒಲೆಯನ್ನು ಇನ್ನೊಮ್ಮೆ ಆರಿಸಿದರು.

"ಕಾಗುಣಿತ ಎಲ್ಲಾ ಸರಿ ಇದೆ," ಅಂದರು. "ಸೊಪ್ಪು ಹಾಕಿಸ್ಕೋ."

ಅವನು ಕಾಗದ ಎತ್ತಿಕೊಂಡು ಆ ಸಾಲನ್ನು ನೋಡಿದ. *ಶಾಲೆಯನ್ನು ಕಟ್ಟಿದ ಬಡಗಿ ಅಂಕಲ್ ಪ್ರೆಸ್, ಉಳಿದ ಹಲಗೆಗಳನ್ನು ತೆಗೆದುಕೊಂಡದ್ದಕ್ಕಾಗಿ ಅದೇ ಶಿಬಿರಕ್ಕೆ ಹೋದವನು, ಹಿಂದಿರುಗಲಿಲ್ಲ.* ಇಡೀ ಫಲಕದಲ್ಲಿ ಹೆಚ್ಚು ದಿನ ತಿಂದದ್ದು ಇದೇ ಸಾಲು. ‘ಕದ್ದ’ ಎಂದಿರಬೇಕು, ತೀರ್ಪಿನಲ್ಲಿ ಹಾಗೇ ಇದೆ ಅಂತ ಮಿಸ್ ಆರ್ಲೀನ್. ‘ತನಗೆ ಬರಬೇಕಾದ್ದನ್ನು ಪಡೆದ’ ಎಂದಿರಬೇಕು, ಕೂಲಿ ಎಲ್ಲಿ ಕೊಟ್ಟಿದ್ದರು ಅಂತ ಪಾದ್ರಿ ಸ್ಪೈಟ್. ಮೂರು ಸಭೆ ಹೊಡೆದಾಟ. ಕೊನೆಗೆ ಇವನು ‘ತೆಗೆದುಕೊಂಡ’ ಎಂಬ ಮಾತು ಹುಡುಕಿಕೊಟ್ಟಾಗ ಎಲ್ಲರೂ ಕುರ್ಚಿಗೆ ಒರಗಿದ್ದರು, ಪಾದ್ರಿ ಎದ್ದು ಬಂದು ಕೈ ಕುಲುಕಿದ್ದ. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂದಿತ್ತು. ಆ ಒಂದು ಮಾತಿನ ಹಿಂದೆಯೇ, ಕೈಯಳತೆಯಲ್ಲೇ ಇದ್ದ ಇನ್ನೊಂದು ಮಾತನ್ನು ಯಾರೂ ನೋಡಿರಲಿಲ್ಲ. ಅವನೂ.

"ಒಂದು ಕೇಳ್ತೀನಿ," ಎಂದರು ಅತ್ತೆ ಅವನ ಕಡೆ ತಿರುಗದೆ. "ಶಾಲೇಲಿ ಮಕ್ಕಳು ನಿನ್ನ ಏನಂತ ಕರೀತಾರೆ?"

"ಮಿಸ್ಟರ್ ಡೆಬ್ನಮ್ ಅಂತ."

"ಬಿಳೀ ಮಕ್ಕಳು?"

"ಅವರೂ."

"ಹೂಂ."

ಅಷ್ಟಕ್ಕೇ ಅವನಿಗೆ ಚಿಕ್ಕಂದಿನ, ದನದ ಮೇವು ಮಾರುವ ದಾಣಿ ಅಂಗಡಿಯ ವಾಸನೆ ಬಂತು, ಹೊಟ್ಟು, ಬೆಲ್ಲದ ಪಾಕ, ಚರ್ಮದ ಪಟ್ಟಿ. ಅಜ್ಜನ ಕೈ ಹಿಡಿದು ನಿಂತಿದ್ದ, ಅಜ್ಜನ ಮೊಣಕಾಲೆತ್ತರಕ್ಕಿಂತ ತುಸು ಮೇಲೆ. ಕೌಂಟರಿನ ಹಿಂದಿದ್ದ, ಇನ್ನೂ ಸರಿಯಾಗಿ ಮೀಸೆ ಬಾರದ ಬಿಳಿಯ ಪೋರ, "ಏನ್ ಬೇಕು, ಅಂಕಲ್?" ಅಂದಿದ್ದ. ಆ ಊರಿನಲ್ಲಿ ಅದು ನಂಟಿನ ಮಾತಲ್ಲ. ಮಿಸ್ಟರ್ ಎಂಬ ಪುಟ್ಟ ಮಾತು ತಮ್ಮ ಬಾಯಿಂದ ಕಪ್ಪು ಮನುಷ್ಯನಿಗೆ ಹೋಗದ ಹಾಗೆ ಬಿಳಿಯರು ಕಂಡುಕೊಂಡಿದ್ದ ಉಪಾಯ. ಕೂದಲು ನರೆತ ಪ್ರತಿಯೊಬ್ಬ ಕಪ್ಪು ಗಂಡಸೂ ಎಲ್ಲರಿಗೂ ಚಿಕ್ಕಪ್ಪ; ಊಟದ ಮೇಜಿಗೆ ಮಾತ್ರ ಎಂದೂ ಕರೆಯದ ಚಿಕ್ಕಪ್ಪ. ಅಜ್ಜ ನಕ್ಕಿದ್ದ. ಅಜ್ಜ ನಕ್ಕದ್ದು ಹುಡುಗನಿಗೆ ಇಷ್ಟವಾಗಿರಲಿಲ್ಲ. ಎರಡೂ ಕಡೆಗೆ ಸಮವಾಗಿ ಹಂಚಿದ ನಗು ಅದು. ಇವತ್ತು ಬೆಳಗ್ಗೆ ಹೋಟೆಲಿನಲ್ಲಿ ತನ್ನ ಮುಖದ ಮೇಲೆ ಅದೇ ಇತ್ತೆಂದು ಈಗ, ಬಾಯಲ್ಲಿ ತುತ್ತಿರುವಾಗ, ಗೊತ್ತಾಯಿತು.

"ನಮ್ಮಜ್ಜಿ ಹೇಳ್ತಿದ್ದ ಹೆಸರು ನಿನಗೆ ಮರೆತು ಹೋಯ್ತಾ?"

"ಇಲ್ಲ ಅತ್ತೆ. ಪ್ರೆಸ್ಕಾಟ್ ಡೆಬ್ನಮ್. ಅವರ ಮಾವ, ನಿಮ್ಮಜ್ಜನ ಅಪ್ಪ."

"ಮತ್ತೆ?"

"ದಾಖಲೇಲಿ ಇಲ್ಲ. ಕೋರ್ಟಿನ ಪುಸ್ತಕದಲ್ಲಿ ಇರೋದು ಅಂಕಲ್ ಪ್ರೆಸ್ ಅಂತಷ್ಟೇ. ಹೇಗಿದೆಯೋ ಹಾಗೇ ಬರೆದೆ. ಜಡ್ಜ್‌ಗೂ ಹಾಗೇ, ಪ್ರೆಸ್‌ಗೂ ಹಾಗೇ. ಇಬ್ಬರಿಗೂ ಒಂದೇ ನಿಯಮ."

"ಯಾರ ಕೋರ್ಟು ಅದು?"

ಹೊರಗೆ ನದಿಯ ಮೇಲೆ ಯಾರದೋ ಮೋಟಾರು ದೋಣಿ ಹೋಗಿ, ಅದರ ಅಲೆಗಳು ದಡಕ್ಕೆ ಬಡಿಯುವುದು ಆಮೇಲೆ ಕೇಳಿಸಿತು. ಡೆಬ್ನಮ್ ಎಂದು ಬರೆದಿದ್ದರೆ ಸಮಿತಿಯವರು ತಲೆಯೆತ್ತಿ ನೋಡುತ್ತಿದ್ದರು. ಈ ಪ್ರೆಸ್ ನಿಮ್ಮವನಾ ಆಲ್ಟನ್ ಎನ್ನುತ್ತಿದ್ದರು. ಹೌದೆಂದ ಕೂಡಲೇ ಲೇಖನಿ ಅವನ ಕೈಯಿಂದ ಹೋಗುತ್ತಿತ್ತು. ತನ್ನ ರಕ್ತ ತಕ್ಕಡಿಯನ್ನು ಜಗ್ಗೀತೆಂದು ತಾನೇ ಅನುಮಾನಿಸಿ, ಅಜ್ಜಿಯ ಬಾಯಿಂದ ಬಂದ ಹೆಸರನ್ನು ಅವನೇ ಸಾಕ್ಷಿಯ ಕಟಕಟೆಯಿಂದ ಇಳಿಸಿದ್ದ. ಅದನ್ನು ಅವನು ನಿಷ್ಠುರತೆ ಎಂದು ಕರೆದುಕೊಂಡಿದ್ದ. ಒಬ್ಬನೇ ಒಬ್ಬ ಪೂರ್ವಿಕನನ್ನು, ಮಣ್ಣಿನ ನೆಲಕ್ಕೆ ಹಾಸಲು ನಾಲ್ಕು ಹಲಗೆ ಹೊತ್ತು ತಂದವನನ್ನು, ಜಡ್ಜ್ ಒಮ್ಮೆ ಕಳಿಸಿದ್ದ; ಇವನು ಅದೇ ಪುಸ್ತಕದ ಆಧಾರದ ಮೇಲೆ ಇನ್ನೊಮ್ಮೆ ಕಳಿಸಿದ್ದ, ಈ ಸಲ ಕಂಚಿನಲ್ಲಿ.

"ನಾನು ಅವನ ಕುಲದವನು ಅಂತ ಈಗ ಹೇಳಿದ್ರೆ," ಎಂದ ಆಲ್ಟನ್, "ನಾನು ಬರೆದ ಒಂದಕ್ಷರಕ್ಕೂ ಬೆಲೆ ಇರಲ್ಲ ಅತ್ತೆ. ಆ ಕಡೆಯವರೂ ನಂಬಲ್ಲ, ಈ ಕಡೆಯವರೂ ನಂಬಲ್ಲ. ಇಷ್ಟು ವರ್ಷ ಈ ಊರಲ್ಲಿ ನನಗೆ ಇರೋದು ಅದೊಂದೇ."

"ಇರಲ್ಲ," ಎಂದು ಅತ್ತೆ ಒಪ್ಪಿಕೊಂಡರು. ಸಮಾಧಾನ ಹೇಳುತ್ತಾರೇನೋ ಎಂದು ಅವನು ಕಾದ. ಅವರು ಅವನ ಲೋಟಕ್ಕೆ ಟೀ ಬಗ್ಗಿಸಿದರು.

ಅವನಿಗೆ ಒಮ್ಮೆಲೇ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು. "ಹಾಗಾದ್ರೆ ಕೊನೇ ಸಾಲು ಓದೋದೇ ಇಲ್ಲ. ಜಾಗ ಕೊಟ್ಟರು, ಶಾಲೆ ನಡೆಸಿದರು ಅನ್ನೋದು. ಬಿಟ್ಟುಬಿಡ್ತೀನಿ."

"ಯಾಕೆ? ಸುಳ್ಳಾ ಅದು?"

"ಸುಳ್ಳಲ್ಲ."

"ನಾನು ಎ ಬಿ ಸಿ ಬರೆದದ್ದು ಆ ಜಾಗದಲ್ಲೇ ಕಣೋ." ಅತ್ತೆ ಏಪ್ರನ್ ಬಿಚ್ಚಿದರು. "ತಟ್ಟೆ ಖಾಲಿ ಮಾಡು. ನನ್ನ ಹ್ಯಾಟ್ ತರ್ತೀನಿ."

ಕೋರ್ಟಿನ ಮುಂದೆ ಕುರ್ಚಿಗಳನ್ನು ಎರಡು ಗುಂಪಾಗಿ ಹಾಕಿ ನಡುವೆ ದಾರಿ ಬಿಟ್ಟಿದ್ದರು. ಬಿಡಬೇಕೆಂದು ಯಾರೂ ಹೇಳಿರಲಿಕ್ಕಿಲ್ಲ. ಅತ್ತೆಯನ್ನು ಮುಂದಿನ ಸಾಲಿನಲ್ಲಿ, ದಾರಿಯ ಅಂಚಿಗೆ ಕೂರಿಸಿ ಅವನು ಮಿಸ್ ಆರ್ಲೀನ್‌ರನ್ನು ಹುಡುಕಿದ. ಅವರು ಪ್ರತಿಮೆಯ ಕೆಳಗೆ, ಫಲಕದ ಮೇಲಿನ ಬಟ್ಟೆಯ ಸುಕ್ಕು ತೆಗೆಯುತ್ತಿದ್ದರು. ಎಪ್ಪತ್ತು ದಾಟಿದ, ಹೂವಿನ ಅಂಚಿನ ಅಂಗಿಯ, ಒಳ್ಳೆಯ ಹೆಂಗಸು. ಅವನ ತಾಯಿ ತೀರಿಕೊಂಡಾಗ ಮನೆಗೆ ಊಟ ಕೊಟ್ಟು ಕಳಿಸಿದವರಲ್ಲಿ ಅವರೂ ಒಬ್ಬರು. ಅದನ್ನು ಅವನು ಬಲಗಡೆಗೆ ಬರೆದಿಟ್ಟುಕೊಂಡಿದ್ದ.

"ಮಿಸ್ ಆರ್ಲೀನ್, ಒಂದು ಮಾತು ತಪ್ಪಾಗಿದೆ."

"ಅಯ್ಯೋ ದೇವ್ರೇ, ಈಗ ಹೇಳ್ತಿದೀಯಲ್ಲ ಆಲ್ಟನ್! ಎರಕ ಹೊಯ್ದು ಬಂದಾಗಿದೆ. ಯಾವ ಮಾತು?"

"ಅಂಕಲ್."

ಅವರ ಮುಖದಲ್ಲಿ ನಿಜವಾದ ಗೊಂದಲವಿತ್ತು. ಅದು ನಟನೆಯಾಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಅದರಲ್ಲೇನಪ್ಪ? ಪ್ರೀತಿಯಿಂದ ಕರೀತಿದ್ದದ್ದು ತಾನೇ? ನಮ್ಮನೇಲೂ ನಾವು ಚಿಕ್ಕವರಿದ್ದಾಗ ಕೆಲಸಕ್ಕೆ ಅಂಕಲ್ ಜೂಬಾಲ್ ಅಂತಿದ್ದ, ಎಷ್ಟು ಮುದ್ದು ಮಾಡ್ತಿದ್ದ ನಮ್ಮನ್ನ. ಮತ್ತೆ, ದಾಖಲೇಲಿ ಇದ್ದ ಹಾಗೇ ಇರಲಿ, ಯಾರೂ ಕೈಯಾಡಿಸಬಾರದು ಅಂದವನು ನೀನೇ ಅಲ್ವಾ?"

"ನಾನೇ."

"ಅಷ್ಟೇ ಮತ್ತೆ. ಹೋಗು, ಟೈ ಸರಿ ಮಾಡ್ಕೋ. ಎಷ್ಟು ಚೆನ್ನಾಗಿ ಬರೆದಿದೀಯ! ನಿನ್ನಂಥವರು ಇನ್ನು ನಾಲ್ಕು ಜನ ಇದ್ದಿದ್ರೆ ಈ ಊರು ಹೀಗಿರ್ತಿರಲಿಲ್ಲ."

ತಾನು ಇವರನ್ನು, ಮದುವೆಯಾದ ಹೆಂಗಸನ್ನೂ ಹೆಸರಿಗೆ ಮಿಸ್ ಸೇರಿಸಿ ಕರೆಯುವ ಊರಿನ ರೂಢಿಯಂತೆ, ಮಿಸ್ ಆರ್ಲೀನ್ ಎನ್ನುತ್ತೇನೆ, ಇವರು ನನ್ನನ್ನು ಆಲ್ಟನ್ ಎನ್ನುತ್ತಾರೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ, ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ, ತಾಗಿತು. ವಯಸ್ಸಿನ ಅಂತರ ಎನ್ನಬಹುದು. ಆದರೆ ಟ್ರ್ಯಾಕ್ಟರ್ ಅಂಗಡಿಯ ಮಾಲೀಕ ಅವನಷ್ಟೇ ವಯಸ್ಸಿನವನು, ಅವನನ್ನು ಅವರು ಮಿಸ್ಟರ್ ಎಂದೇ ಕರೆಯುತ್ತಿದ್ದರು. ಸಣ್ಣತನದ ಲೆಕ್ಕ ಇದು, ಬಿಡು ಎಂದುಕೊಂಡ. ಬಿಡಲಾಗಲಿಲ್ಲ. ಬಟ್ಟೆ ಸರಿಸಿದರು. ಹೊಸ ಕಂಚು ಬಿಸಿಲಿಗೆ ಹೊಳೆದು ಅಕ್ಷರಗಳೇ ಕಾಣಲಿಲ್ಲ. ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು, ಎರಡೂ ಕಡೆಯವರೂ ಜೋರಾಗಿಯೇನೂ ಅಲ್ಲ. ಪಾದ್ರಿ ಸ್ಪೈಟ್ ಕೈಕಟ್ಟಿ ನಿಂತಿದ್ದ. ಆಲ್ಟನ್ ಮೈಕಿನ ಮುಂದೆ ಬಂದು ನಿಂತಾಗ ಅವನ ತಲೆಯ ಮೇಲೆ ಜಡ್ಜ್ ಪೆನ್ನಿಮನ್ನರ ಚಾಚಿದ ಕೈಯ ನೆರಳು ಬಿತ್ತು.

ಓದತೊಡಗಿದ. ಪೀಠದಲ್ಲಿ ಬಹುಕಾಲ ಕುಳಿತಿದ್ದರು. ಇಟ್ಟುಕೊಂಡಿದ್ದರು. ಶಿಬಿರಗಳನ್ನು ಸೇರಿದರು. ತನ್ನ ದನಿ ತನಗೇ ದೂರದಿಂದ, ಯಾರೋ ಅಳೆದು ಕತ್ತರಿಸಿದ ಬಟ್ಟೆಯ ಹಾಗೆ ಕೇಳಿಸುತ್ತಿತ್ತು. ಇನ್ನೊಂದು ಸಾಲು ಹೀಗೇ ದಾಟಿಬಿಟ್ಟರೆ ಆಯಿತು. ಜನ ಎದ್ದು ನಿಂಬೆ ಪಾನಕ ಕುಡಿಯಲು ಹೋಗುತ್ತಾರೆ. ಸೋಮವಾರ ತರಗತಿಯಿದೆ, ಬೋರ್ಡಿದೆ, ಗೆರೆಯಿದೆ. ಅತ್ತೆ ಕಾರಿನಲ್ಲಿ ಏನೂ ಅನ್ನುವುದಿಲ್ಲ. ಅನ್ನದೇ ಇರುತ್ತಾರೆ, ಬದುಕಿರುವವರೆಗೂ. ಅವನು ಕಾಗದದಿಂದ ತಲೆಯೆತ್ತಿದ.

"ಶಾಲೆಯನ್ನು ಕಟ್ಟಿದ ಬಡಗಿ," ಎಂದ. ನಿಂತ. ಮೈಕು ಅವನ ಉಸಿರನ್ನೂ ಊರಿಗೆ ಕೇಳಿಸಿತು. "ಮಿಸ್ಟರ್ ಪ್ರೆಸ್ಕಾಟ್ ಡೆಬ್ನಮ್ ಅವರು, ಉಳಿದ ಹಲಗೆಗಳನ್ನು ತೆಗೆದುಕೊಂಡದ್ದಕ್ಕಾಗಿ ಅದೇ ಶಿಬಿರಕ್ಕೆ ಹೋದವರು, ಹಿಂದಿರುಗಲಿಲ್ಲ."

ಜನ ಕೈಯಲ್ಲಿದ್ದ ಅಚ್ಚಿನ ಹಾಳೆ ನೋಡಿದರು, ಅವನನ್ನು ನೋಡಿದರು. ಮಿಸ್ ಆರ್ಲೀನ್ ಮುಂದೆ ಬಾಗಿ, ಮರೆತ ಮಗುವಿಗೆ ನಾಟಕದ ಮಾತು ಹೇಳಿಕೊಡುವ ಪ್ರೀತಿಯಲ್ಲಿ, "ಅಂಕಲ್ ಪ್ರೆಸ್," ಎಂದು ಪಿಸುಗುಟ್ಟಿದರು. ಪಿಸುಮಾತೂ ಮೈಕಿಗೆ ಸಿಕ್ಕಿತು.

"ಇಲ್ಲ, ಮಿಸೆಸ್ ಹಾಬ್‌ಗುಡ್," ಎಂದ ಅವನು. "ಅವರು ನಮ್ಮ ಮನೆಯವರು. ನನ್ನ ಅಜ್ಜನ ಅಜ್ಜ. ಫಲಕದಲ್ಲಿರೋದು ನನ್ನ ತಪ್ಪು. ಮೊದಲೇ ಹೇಳಬೇಕಾಗಿತ್ತು, ಹೇಳಲಿಲ್ಲ."

ಟ್ರ್ಯಾಕ್ಟರ್ ಅಂಗಡಿಯವನು, "ಓಹೋ! ಹಾಗೇಳು ಮತ್ತೆ. ಅದಕ್ಕೇ ನಮ್ಮ ಜಡ್ಜ್ ಮೇಲೆ ಇಷ್ಟೆಲ್ಲ ಹೊರಿಸಿದ್ದು!" ಎಂದು ಕುರ್ಚಿ ಹಿಂದಕ್ಕೆ ನೂಕಿದ. ಇಷ್ಟು ದಿನ ಮೇಷ್ಟ್ರೇ, ರೀ ಎನ್ನುತ್ತಿದ್ದ ನಾಲಿಗೆ ಎಷ್ಟು ಬೇಗ ತಿರುಗಿತು ಎಂದು ಆಲ್ಟನ್ ಗಮನಿಸಿದ. ಅವನಿಗೆ ಆಶ್ಚರ್ಯವಾಗಲಿಲ್ಲ. ದಾರಿಯ ಆಚೆಯಿಂದ ಪಾದ್ರಿ ಸ್ಪೈಟನ ದನಿ ಬಂತು, ಅದರಲ್ಲಿ ಸಿಟ್ಟಿಗಿಂತ ಹೆಚ್ಚು ನೋವಿತ್ತು. "ಸ್ವಂತ ಅಜ್ಜನಾ? ಸ್ವಂತ ಅಜ್ಜನ್ನ ಇಟ್ಕೊಂಡು ‘ಕದ್ದ’ ಅನ್ನಬೇಕೋ ಬೇಡವೋ ಅಂತ ಮೂರು ಸಭೆ ನಮ್ಮ ಮುಂದೆ ಚೌಕಾಸಿ ಮಾಡಿದ್ರಾ, ಬ್ರದರ್ ಡೆಬ್ನಮ್? ಬಾಯಲ್ಲಿ ಏನಿತ್ತು?" ಕಾಫಿ ಇತ್ತು, ಎಂದು ಹೇಳಿದರೆ ಯಾರಿಗೆ ಅರ್ಥವಾದೀತು? ಮಿಸ್ ಆರ್ಲೀನ್ ಅವನನ್ನೇ ನೋಡುತ್ತಿದ್ದರು, ಮಿಸೆಸ್ ಹಾಬ್‌ಗುಡ್ ಎಂದದ್ದು ಅವರನ್ನು ಎಲ್ಲಿಗೋ ತಳ್ಳಿಬಿಟ್ಟಿತ್ತು. "ನಾವು ನಿನ್ನ ನಂಬಿದ್ವಲ್ಲ," ಎಂದಷ್ಟೇ ಅಂದರು. ಆ ಮಾತಿನಲ್ಲೂ ಇತ್ತು. ಸ್ವಲ್ಪವಲ್ಲ, ಬಹಳ.

ಕಾಗದದಲ್ಲಿ ಇನ್ನೊಂದು ಸಾಲು ಉಳಿದಿತ್ತು. ಅದನ್ನು ಬರೆಯುವಾಗ ಅದು ಅವನಿಗೆ ಎಷ್ಟು ಸುಲಭವಾಗಿತ್ತು! ಯಾರಿಗೂ ಸೇರದವನ ಕೈಯಲ್ಲಿ ಯಾರ ಒಳ್ಳೆಯತನಕ್ಕೂ ತೂಕವಿರುವುದಿಲ್ಲ, ಇತ್ತ ಇಟ್ಟರೂ ಅತ್ತ ಇಟ್ಟರೂ ಒಂದೇ. ಈಗ ಅವನು ಹಲಗೆ ಹೊತ್ತವನ ಮನೆಯವನಾಗಿ ನಿಂತಿದ್ದ. ಅವನನ್ನು ಶಿಬಿರಕ್ಕೆ ಕಳಿಸಿದವರ ಒಳ್ಳೆಯದನ್ನು ಹೇಳಬೇಕಾದ ಬಾಯಿ ಇದೇ. ಓದಿದರೆ ಕಪ್ಪು ಜನ, ಇನ್ನೂ ಬುದ್ಧಿ ಬಂದಿಲ್ಲ ಇವನಿಗೆ ಅನ್ನುತ್ತಾರೆ. ಬಿಳಿಯರು, ಈಗ ಬೆಣ್ಣೆ ಹಚ್ಚಲು ಬಂದ ಅನ್ನುತ್ತಾರೆ. ಹೊಲ ಕೊಟ್ಟದ್ದು ನಿಜ. ಪಕ್ಕದಲ್ಲಿ ಯಾರೂ ಕೂರದ ಬೆಂಚಿನಲ್ಲಿ ಆ ಮುದುಕ ಭಾನುವಾರ ಭಾನುವಾರ ಬಂದು ಕೂತದ್ದು ನಿಜ.

"ಈ ಊರಿನ ಕಪ್ಪು ಮಕ್ಕಳ ಮೊದಲ ಶಾಲೆಗೆ ಭೂಮಿ ಕೊಟ್ಟವರು," ಎಂದು ಶುರುಮಾಡಿದ. ದನಿ ಪಾತಾಳಕ್ಕೆ ಇಳಿಯಿತು. ಕುರ್ಚಿಗಳು ಕಿರುಗುಟ್ಟುತ್ತಿದ್ದವು, ಯಾರೋ ಯಾರನ್ನೋ ಬಾ ಹೋಗೋಣ ಎನ್ನುತ್ತಿದ್ದರು.

ಮುಂದಿನ ಸಾಲಿನಿಂದ ವೆಸ್ಟಾ ಅತ್ತೆ, ಹ್ಯಾಟಿನ ಕೆಳಗಿಂದ, ಇಡೀ ಊರನ್ನು ಒಂದು ಕಾಲದಲ್ಲಿ ಸಾಲಾಗಿ ನಿಲ್ಲಿಸಿದ್ದ ದನಿಯಲ್ಲಿ ಅಂದರು:

"ಜೋರಾಗಿ ಓದು. ಹಿಂದಿನವರಿಗೆ ಕೇಳಿಸ್ತಿಲ್ಲ."

ಹಿಂದಿನ ಸಾಲುಗಳು ಎರಡೂ ಕಡೆ ಆಗಲೇ ಖಾಲಿಯಾಗಿದ್ದವು. ದೂರದ್ದು ಅತ್ತೆಯ ಕಣ್ಣಿಗೆ ಕಾಣುತ್ತಿರಲಿಲ್ಲ. ಅವನು ಆ ಸಾಲನ್ನು ಮೊದಲಿನಿಂದ, ಜೋರಾಗಿ, ಓದತೊಡಗಿದ.